2 ನ್ಯಾನೋಮೀಟರ್ ಚಿಪ್ಪಿನಲ್ಲಿ ಆ 2 ಎಲ್ಲಿದೆ?

2025ರ ಮೇ ತಿಂಗಳಲ್ಲಿ ಜಪಾನಿನ ರೆನೆಸಾಸ್ ಕಂಪನಿ ಬೆಂಗಳೂರು ಮತ್ತು ನೊಯ್ಡಾಗಳಲ್ಲಿ 3 ನ್ಯಾನೋಮೀಟರ್ ಚಿಪ್ ವಿನ್ಯಾಸದ ಕೇಂದ್ರ ತೆರೆಯಿತು. ಸಂತೋಷದ ಸುದ್ದಿಯೇ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ತಲೆಗೂದಲೂ ಬರುತ್ತದೆ. ಕೂದಲನ್ನು ಮೂವತ್ತು ಸಾವಿರ ಎಳೆಯಾಗಿ ಸೀಳಿದರೆ ಒಂದೆಳೆ ಎಷ್ಟಾಗುತ್ತದೋ ಅಷ್ಟೇ ಸಣ್ಣದಂತೆ ಇದರೊಳಗಿನ ಟ್ರಾನ್ಸಿಸ್ಟರ್ ಎಂಬ ಸ್ವಿಚ್! ಹೇಳುವವರಿಗೂ ಖುಷಿ, ಕೇಳುವವರಿಗೂ ಖುಷಿ. ಸುಳ್ಳು, ಅಷ್ಟೆ.

3 ನ್ಯಾನೋಮೀಟರ್ ಚಿಪ್ಪಿನ ಟ್ರಾನ್ಸಿಸ್ಟರ್ 3 ನ್ಯಾನೋಮೀಟರ್ ಇರುವುದಿಲ್ಲ. ಹತ್ತಿರಕ್ಕೂ ಬರುವುದಿಲ್ಲ. ಚಿಪ್ ಉದ್ಯಮದ ತಜ್ಞರೇ ಸೇರಿ ತಯಾರಿಸುವ ಅಂತಾರಾಷ್ಟ್ರೀಯ ಮುನ್ನೋಟದಲ್ಲಿ ಈ ಪೀಳಿಗೆಗೆ ಕೊಟ್ಟಿರುವ ಅಳತೆ ನೋಡಿ. ಒಂದು ಟ್ರಾನ್ಸಿಸ್ಟರಿನ ಗೇಟಿನಿಂದ, ಅಂದರೆ ಕರೆಂಟನ್ನು ಬಿಡುವ, ತಡೆಯುವ ಭಾಗದಿಂದ, ಪಕ್ಕದ್ದರ ಗೇಟಿಗೆ 48 ನ್ಯಾನೋಮೀಟರ್. ಅತ್ಯಂತ ಒತ್ತಾಗಿ ಹಾಸಿದ ತಂತಿಗಳಲ್ಲೂ ಒಂದರಿಂದ ಇನ್ನೊಂದಕ್ಕೆ 24.

2021ರಲ್ಲಿ ಐಬಿಎಂ ಜಗತ್ತಿನ ಮೊದಲ 2 ನ್ಯಾನೋಮೀಟರ್ ಚಿಪ್ ಎಂದು ತೋರಿಸಿತಲ್ಲ, ಅದರ ಗೇಟಿನ ಉದ್ದ 12 ನ್ಯಾನೋಮೀಟರ್. ಕರೆಂಟ್ ಹರಿಯುವ ಸಿಲಿಕಾನ್ ಹಾಳೆಗಳ ದಪ್ಪ 5, ಅಗಲ 40. ಇದನ್ನು ಐಬಿಎಂ ಮುಚ್ಚಿಟ್ಟಿರಲಿಲ್ಲ. ಕೇಳಿದವರಿಗೆ ಹೇಳಿತ್ತು. ಕೇಳಿದವರು ಕಡಿಮೆ ಅಷ್ಟೆ. ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಫಿಲಿಪ್ ವಾಂಗ್ 2019ರಲ್ಲೇ, ಇವೆಲ್ಲ ಈಗ ಬರೀ ನಂಬರುಗಳು, ಕಾರಿನ ಮಾಡೆಲ್ ನಂಬರ್ ಇದ್ದ ಹಾಗೆ ಎಂದಿದ್ದರು. ತಯಾರಿಸುವವರೇ ಹೀಗೆಂದ ಮೇಲೂ ನಾವು ಅಳತೆಪಟ್ಟಿ ಹಿಡಿದು ಕೂತಿದ್ದೇವೆ.

ಹಾಗಾದರೆ ಈ ನಂಬರ್ ಬರುವುದೆಲ್ಲಿಂದ? ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆಗೆಯಿರಿ. 180 ಅಂತ ಒತ್ತಿ 0.7ರಿಂದ ಗುಣಿಸಿ. 126 ಬಂತು. ಅದನ್ನು 130 ಎನ್ನೋಣ. 130ನ್ನು 0.7ರಿಂದ ಗುಣಿಸಿದರೆ 91, ಅಂದರೆ 90. ಮುಂದೆ 63, ಅಂದರೆ 65. ಆಮೇಲೆ 45, 32, 22, 14 ಅಥವಾ 16, 10, 7, 5, 3, 2. ಕಳೆದ ಇಪ್ಪತ್ತೈದು ವರ್ಷ ನೀವು ಓದಿದ ಚಿಪ್ ಸುದ್ದಿಯೆಲ್ಲ ಈ ಮಗ್ಗಿಯಲ್ಲೇ ಇದೆ. 0.7 ಯಾಕೆ ಅಂದರೆ, ಉದ್ದವನ್ನೂ ಅಗಲವನ್ನೂ 0.7 ಪಟ್ಟು ಮಾಡಿದರೆ ವಿಸ್ತೀರ್ಣ 0.49 ಪಟ್ಟಾಗುತ್ತದೆ, ಅಂದರೆ ಅರ್ಧ. ಅಷ್ಟೇ ಜಾಗದಲ್ಲಿ ಎರಡು ಪಟ್ಟು ಟ್ರಾನ್ಸಿಸ್ಟರ್ ಕೂರುತ್ತವೆ. 2 ಆದ ಮೇಲೆ 1.4. ಅದಕ್ಕೂ ಹೆಸರು ತಯಾರಾಗಿದೆ: ಇಂಟೆಲ್‌ನವರದು 14ಎ, ಟಿಎಸ್‌ಎಂಸಿಯವರದು ಎ14. ನ್ಯಾನೋಮೀಟರಿನ ಹತ್ತನೇ ಒಂದು ಪಾಲಾದ ಆಂಗ್‌ಸ್ಟ್ರಾಮ್‌ಗೆ ಹಾರಿಬಿಟ್ಟರು. ದಶಾಂಶ ಬಿಂದು ಇದ್ದರೆ ಮಾರುವುದು ಕಷ್ಟ, ಅಲ್ವಾ?

ಒಂದು ಕಾಲದಲ್ಲಿ ಈ ನಂಬರ್ ನಿಜವೇ ಆಗಿತ್ತು. 1990ರ ದಶಕದ ನಡುವಿನವರೆಗೂ 500 ನ್ಯಾನೋಮೀಟರ್ ಎಂದರೆ ಗೇಟಿನ ಉದ್ದ ಹೆಚ್ಚುಕಡಿಮೆ 500 ನ್ಯಾನೋಮೀಟರ್. ಆಮೇಲೆ ಗೇಟ್ ತನ್ನ ಹೆಸರಿಗಿಂತ ವೇಗವಾಗಿ ಸಣ್ಣದಾಯಿತು. 130 ನ್ಯಾನೋಮೀಟರ್ ಪೀಳಿಗೆಯಲ್ಲಿ ಗೇಟ್ 70ಕ್ಕೆ ಇಳಿದಿತ್ತು. ಆಗ ನಂಬರ್ ಸುಳ್ಳು ಹೇಳುತ್ತಿದ್ದದ್ದು ನಿಜಕ್ಕಿಂತ ಕಡಿಮೆ ಕೊಚ್ಚಿಕೊಂಡು! ಇಂಥ ವಿನಯ ಈ ಉದ್ಯಮದಲ್ಲಿ ಮತ್ತೆ ಕಾಣಲಿಲ್ಲ.

ಆ ಕಾಲದ ಸುಖದ ಗುಟ್ಟು ರಾಬರ್ಟ್ ಡೆನಾರ್ಡ್ ಎಂಬ ಐಬಿಎಂ ಎಂಜಿನಿಯರ್ 1974ರಲ್ಲಿ ಬರೆದ ಪ್ರಬಂಧದಲ್ಲಿದೆ. ಎಲ್ಲರೂ ಮೂರ್ ನಿಯಮ ಎಂದು ಜಪಿಸುತ್ತಾರೆ. ಇಂಟೆಲ್ ಸ್ಥಾಪಕರಲ್ಲೊಬ್ಬರಾದ ಗಾರ್ಡನ್ ಮೂರ್ ಹೇಳಿದ್ದು ಟ್ರಾನ್ಸಿಸ್ಟರುಗಳ ಸಂಖ್ಯೆ ಏರುತ್ತಾ ಹೋಗುತ್ತದೆ ಎಂಬ ಲೆಕ್ಕ. ಅದು ಲಾಭವಾಗುವುದು ಹೇಗೆ ಎಂದು ತೋರಿಸಿದವರು ಡೆನಾರ್ಡ್. ಟ್ರಾನ್ಸಿಸ್ಟರಿನ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ವೋಲ್ಟೇಜನ್ನೂ ಅಷ್ಟೇ ಇಳಿಸಿ. ಆಗ ಅದರ ವೇಗ ಹೆಚ್ಚುತ್ತದೆ, ಆದರೆ ಒಂದು ಚದರ ಮಿಲಿಮೀಟರ್ ಚಿಪ್ ಕಾಯುವುದು ಮೊದಲಿನಷ್ಟೇ. ಸಣ್ಣದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿ. ಅಂದಿಗೆ ಅದು ನಿಜ. ಇಂದಿಗೂ ಅದನ್ನೇ ಹಿಡಿದುಕೊಂಡರೆ ಮೂಢನಂಬಿಕೆ.

2004ರ ಸುಮಾರಿಗೆ ಡೆನಾರ್ಡ್ ಲೆಕ್ಕ ಕೈಕೊಟ್ಟಿತು. 4 ಗಿಗಾಹರ್ಟ್ಸ್ ಪೆಂಟಿಯಂ 4 ತರುತ್ತೇವೆಂದು ಇಂಟೆಲ್ ಹೇಳಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಯೋಜನೆ ಕೈಬಿಟ್ಟಿತು. ಅದರ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯ ಮೇಲೆ ಮಂಡಿಯೂರಿ ಕ್ಷಮೆ ಕೇಳಿದರು, ಅರ್ಧ ತಮಾಷೆಗೆ. ಇಪ್ಪತ್ತು ವರ್ಷ ಕಳೆದರೂ ಮನೆಯ ಕಂಪ್ಯೂಟರುಗಳು ಐದಾರು ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಇವೆ.

ಏನಾಯಿತು ಎನ್ನುವುದಕ್ಕೆ ಗೇಟ್ ಏನು ಮಾಡುತ್ತದೆಂದು ತಿಳಿಯಬೇಕು. ನನಗೆ ಇಡೀ ಕಂಪ್ಯೂಟರಿನಲ್ಲಿ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನಕ್ಕೆ ಹೋಗೋಣ.

ಗೇಟ್ ಎಂದರೆ ಕೆರೆಯ ತೂಬು. ಈ ಕಡೆ ಕೆರೆ, ಆ ಕಡೆ ಗದ್ದೆ, ನಡುವೆ ಏರಿ. ತೂಬು ಎತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಟ್ರಾನ್ಸಿಸ್ಟರಿನಲ್ಲಿ ನೀರಿನ ಬದಲು ಎಲೆಕ್ಟ್ರಾನ್. ಗೇಟ್ ಮೇಲ್ಗಡೆ ಕೂತಿರುತ್ತದೆ, ಸಿಲಿಕಾನನ್ನು ಮುಟ್ಟುವುದಿಲ್ಲ, ನಡುವೆ ಅವಾಹಕದ ಒಂದು ತೆಳು ಪೊರೆ. ಗೇಟಿಗೆ ವೋಲ್ಟೇಜ್ ಕೊಟ್ಟರೆ ಅದು ಎಲೆಕ್ಟ್ರಾನುಗಳನ್ನು ಸಿಲಿಕಾನಿನ ಮೇಲ್ಮೈಗೆ ಸೆಳೆದು ಹಾದಿ ಮಾಡಿಕೊಡುತ್ತದೆ. ವೋಲ್ಟೇಜ್ ತೆಗೆದರೆ ಹಾದಿ ಮಾಯ. ಈಗ ಏರಿಯನ್ನು ಕರಗಿಸುತ್ತಾ ಬನ್ನಿ. ಒಂದು ಹಂತದಲ್ಲಿ ತೂಬು ಭದ್ರವಾಗಿ ಮುಚ್ಚಿದ್ದರೂ ನೀರು ಅದರ ಅಡಿಯಿಂದ, ಮಣ್ಣಿನ ಒಳಗಿಂದಲೇ ಜಿನುಗಿ ಗದ್ದೆ ಸೇರುತ್ತದೆ. ತೂಬಿನ ಹಿಡಿತ ತೂಬು ಇರುವಲ್ಲಿಗೆ ಮಾತ್ರ, ಆಳದ ಮಣ್ಣಿಗಿಲ್ಲ. ಗೇಟಿಗೂ ಅದೇ ಗತಿ. ಗೇಟ್ ಗಿಡ್ಡವಾದಂತೆ ಆ ಕಡೆಯ ತುದಿಯ ವೋಲ್ಟೇಜಿನ ಸೆಳೆತ ಈ ಕಡೆಯವರೆಗೂ ಚಾಚಿಕೊಳ್ಳುತ್ತದೆ. ಗೇಟಿಗೆ ದೂರವಾದ ಆಳದಲ್ಲಿ ಎಲೆಕ್ಟ್ರಾನುಗಳು ಸದ್ದಿಲ್ಲದೆ ದಾಟುತ್ತವೆ. ಸ್ವಿಚ್ ಆಫ್ ಆಗಿದ್ದರೂ ಕರೆಂಟ್ ಸೋರುತ್ತದೆ. ಒಂದು ಟ್ರಾನ್ಸಿಸ್ಟರಿನಲ್ಲಿ ಇದು ಏನೂ ಅಲ್ಲ. ನೂರು ಕೋಟಿ ಟ್ರಾನ್ಸಿಸ್ಟರಿನಲ್ಲಿ ಸೋರಿದರೆ ಚಿಪ್ ಸುಮ್ಮನೆ ಕೂತಲ್ಲೇ ಬಿಸಿ. ವೋಲ್ಟೇಜ್ ಇನ್ನೂ ಇಳಿಸೋಣ ಎಂದರೆ ಆನ್‌ಗೂ ಆಫ್‌ಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇನ್ನೊಂದು ಸೋರಿಕೆ ಆ ಪೊರೆಯಲ್ಲೇ ಇತ್ತು. 2003ರ ಹೊತ್ತಿಗೆ, ಅಂದರೆ 90 ನ್ಯಾನೋಮೀಟರ್ ಎಂದು ಕರೆಸಿಕೊಂಡ ಚಿಪ್ಪುಗಳಲ್ಲಿ, ಅವಾಹಕ ಪೊರೆಯ ದಪ್ಪ 1.2 ನ್ಯಾನೋಮೀಟರ್. ಸುಮಾರು ಐದು ಪರಮಾಣುಗಳ ಪದರ! ಇಷ್ಟು ತೆಳುವಾದರೆ ಎಲೆಕ್ಟ್ರಾನುಗಳು ಗೋಡೆ ಇದೆ ಎಂಬುದನ್ನು ಲೆಕ್ಕಿಸುವುದಿಲ್ಲ. ಕ್ವಾಂಟಂ ನಿಯಮದಂತೆ ಒಂದಷ್ಟು ಆಚೆಗೆ ಹೋಗಿಯೇ ಬಿಡುತ್ತವೆ. 2007ರಲ್ಲಿ ಇಂಟೆಲ್ 45ರ ಪೀಳಿಗೆಗೆ ಬಂದಾಗ ಸಿಲಿಕಾನ್ ಆಕ್ಸೈಡ್ ಬಿಟ್ಟು ಹ್ಯಾಫ್ನಿಯಂ ಇರುವ ಅವಾಹಕ ಹಾಕಿತು, ಪೊರೆಯನ್ನು ದಪ್ಪ ಮಾಡಿತು. ನೋಡಿ ಚೋದ್ಯ: 2 ನ್ಯಾನೋಮೀಟರಿಗಿಂತ ಸಣ್ಣ ಅಳತೆ ನಿಜವಾಗಿಯೂ ಇದ್ದದ್ದು 90 ಎಂಬ ಹೆಸರಿನ ಚಿಪ್ಪಿನಲ್ಲಿ. ಹೆಸರು ಅರ್ಧವಾದಾಗ ಅದೇ ಭಾಗ ದಪ್ಪವಾಯಿತು.

ಆಳದ ಸೋರಿಕೆಗೆ ಮದ್ದು ಬೇರೆ. ಗೇಟಿನ ಹಿಡಿತಕ್ಕೆ ಸಿಗದ ಆಳವೇ ಇಲ್ಲದಂತೆ ಮಾಡುವುದು. 1989ರಲ್ಲಿ ಜಪಾನಿನ ಹಿಟಾಚಿಯ ಡಿ. ಹಿಸಮೊಟೊ ಸಿಲಿಕಾನನ್ನು ತೆಳು ಗೋಡೆಯಂತೆ ನಿಲ್ಲಿಸಿದ ಟ್ರಾನ್ಸಿಸ್ಟರ್ ತೋರಿಸಿದ್ದರು. 1990ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಚೆನ್ಮಿಂಗ್ ಹು ಅವರ ತಂಡ ಅದನ್ನು ಪಳಗಿಸಿ ಫಿನ್‌ಫೆಟ್ ಎಂದು ಕರೆಯಿತು. ಗೋಡೆಯ ಎರಡು ಮಗ್ಗುಲು ಮತ್ತು ನೆತ್ತಿ, ಮೂರೂ ಕಡೆ ಗೇಟ್ ಅಪ್ಪಿಕೊಂಡಿರುತ್ತದೆ. ಗೋಡೆ ಎಷ್ಟು ತೆಳು ಎಂದರೆ ಒಳಗಿನ ಯಾವ ಜಾಗವೂ ಗೇಟಿಗೆ ದೂರವಲ್ಲ. ಇಂಟೆಲ್ ಇದನ್ನು ಮಾರುಕಟ್ಟೆಗೆ ತಂದದ್ದು 2012ರಲ್ಲಿ, 22ರ ಪೀಳಿಗೆಯಲ್ಲಿ. ಈಗ 2ರ ಪೀಳಿಗೆಯಲ್ಲಿ ಗೋಡೆಯನ್ನು ಅಡ್ಡಕ್ಕೆ ಸೀಳಿ ಹಾಳೆಗಳಾಗಿ ಒಂದರ ಮೇಲೊಂದು ತೇಲಿಸಿ, ನಾಲ್ಕೂ ಕಡೆಯಿಂದ ಗೇಟ್ ಸುತ್ತಿದ್ದಾರೆ.

ನಂಬರಿನ ಕೊಂಡಿ ಪೂರ್ತಿ ಕಳಚಿದ್ದು ಇಲ್ಲೇ. ಟ್ರಾನ್ಸಿಸ್ಟರ್ ಎದ್ದು ನಿಂತ ಮೇಲೆ ಯಾವ ಅಳತೆಯನ್ನು ಹೆಸರಾಗಿ ಇಡುವುದು? ಗೋಡೆಯ ದಪ್ಪವೋ, ಎತ್ತರವೋ? ಒಂದು ಟ್ರಾನ್ಸಿಸ್ಟರಿಗೆ ಮೂರು ಗೋಡೆ ಬೇಕಿದ್ದಲ್ಲಿ ಎರಡೇ ಸಾಕಾದರೆ, ಏನನ್ನೂ ಕುಗ್ಗಿಸದೆ ಜಾಗ ಉಳಿಯುತ್ತದೆ. ಅದಕ್ಕೆ ಯಾವ ನಂಬರ್? ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 0.7ರ ಮಗ್ಗಿಯನ್ನೇ ಮುಂದುವರಿಸಿದರು, ಅದೂ ಒಬ್ಬೊಬ್ಬರು ಒಂದೊಂದು ಥರ. ಇಂಟೆಲ್‌ನ 10ರ ಪೀಳಿಗೆಯಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 10 ಕೋಟಿ ಟ್ರಾನ್ಸಿಸ್ಟರ್. ಟಿಎಸ್‌ಎಂಸಿಯ 7ರಲ್ಲಿ ಅದಕ್ಕಿಂತ ತುಸು ಕಡಿಮೆ. ಆದರೆ ಪತ್ರಿಕೆಗಳಲ್ಲಿ 7ಕ್ಕೆ ಜೈಕಾರ, 10ಕ್ಕೆ ಗೇಲಿ. ಕೊನೆಗೆ 2021ರ ಜುಲೈನಲ್ಲಿ ಇಂಟೆಲ್ ತನ್ನ 10ರ ಸುಧಾರಿತ ರೂಪಕ್ಕೆ 'ಇಂಟೆಲ್ 7' ಎಂದು ಹೊಸ ಹೆಸರಿಟ್ಟಿತು. ಬರೀ ಒಂದು ಪ್ರಕಟಣೆಯಿಂದ 10 ಹೋಗಿ 7 ಆಯಿತು. ನನಗೆ ಇದರಲ್ಲಿ ಮೋಸ ಕಾಣುವುದಿಲ್ಲ. ಎದುರಿನವರು ನಂಬರ್ ಇಳಿಸಿದ ಮೇಲೆ ಇವರೊಬ್ಬರೇ ಸತ್ಯ ಹರಿಶ್ಚಂದ್ರರಾಗಿ ಕೂತರೆ ವ್ಯಾಪಾರ ಆಗುತ್ತದೆಯೇ?

ನನಗೆ ಸಿಟ್ಟು ಬರುವುದು ಈ ನಂಬರ್ ಹಿಡಿದು ಬೇರೆಯವರನ್ನು ಆಡಿಕೊಳ್ಳುವಾಗ. 2025ರಲ್ಲಿ ಇಸ್ರೋಗಾಗಿ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ ತಯಾರಿಸಿದ ವಿಕ್ರಮ್ 3201 ಪ್ರೊಸೆಸರ್ ಸುದ್ದಿಯಾಯಿತು. ಅದು 180 ನ್ಯಾನೋಮೀಟರಿನದು. "ಜಗತ್ತು 2ರಲ್ಲಿದೆ, ನಾವು 180ರಲ್ಲಿ" ಎಂಬ ವ್ಯಂಗ್ಯ ನನ್ನ ಮೊಬೈಲಿಗೂ ಬಂತು. ಮಗ್ಗಿ ಹೇಳಿ ಹನ್ನೆರಡು ಪೀಳಿಗೆ ಹಿಂದೆ ಎಂದು ಎಣಿಸಿದವರೂ ಇದ್ದರು. ಅದು ಉಡಾವಣಾ ವಾಹನದ ಚಿಪ್. ರಾಕೆಟ್ಟಿಗೆ ರೀಲ್ಸ್ ನೋಡುವ ಕೆಲಸ ಇಲ್ಲ. ಮೈನಸ್ 55 ಡಿಗ್ರಿಯಿಂದ 125 ಡಿಗ್ರಿವರೆಗೂ ತಪ್ಪದೆ ಲೆಕ್ಕ ಹಾಕಬೇಕು. ಬಾಹ್ಯಾಕಾಶದ ಕಣವೊಂದು ಬಂದು ಬಡಿದರೆ ಸಣ್ಣ ಟ್ರಾನ್ಸಿಸ್ಟರಿನಲ್ಲಿರುವ ಚೂರು ವಿದ್ಯುದಾವೇಶ ಅಲುಗಿ 0 ಇದ್ದದ್ದು 1 ಆಗಿಬಿಡಬಹುದು. ದೊಡ್ಡದರಲ್ಲಿ ಆವೇಶ ಜಾಸ್ತಿ, ಅಲುಗಿಸುವುದು ಅಷ್ಟು ಸುಲಭವಲ್ಲ. ನಾವು ಹಿಂದೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಿಂದೆಯೇ ಇದ್ದೇವೆ. ಇದೇ ಮೊಹಾಲಿಯ ಕಾರ್ಖಾನೆ 1984ರಲ್ಲಿ ಕೆಲಸ ಶುರುಮಾಡಿ, 1989ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಅದಕ್ಕೆ ಮರುಗೋಣ. ಆದರೆ ರಾಕೆಟ್ಟಿನ ಚಿಪ್ಪಿಗೂ ಫೋನಿನ ಚಿಪ್ಪಿಗೂ ಓಟದ ಪಂದ್ಯ ಕಟ್ಟುವುದು ಬೇಡ. ಗುಜರಾತಿನ ಧೊಲೇರಾದಲ್ಲಿ ಟಾಟಾದವರು ಕಟ್ಟುತ್ತಿರುವ ಕಾರ್ಖಾನೆ 28 ಮತ್ತು ಅದಕ್ಕಿಂತ ಹಳೆಯ ಪೀಳಿಗೆಗಳದು ಎಂದಾಗಲೂ ಮೂಗು ಮುರಿದವರಿದ್ದಾರೆ. 2021ರಲ್ಲಿ ಬುಕ್ ಮಾಡಿದ ಕಾರಿಗೆ ತಿಂಗಳುಗಟ್ಟಲೆ ಕಾದದ್ದು ಮರೆತುಹೋಯಿತೇನೋ. ಆಗ ಮುಖ್ಯವಾಗಿ ಸಿಗದೆ ಹೋದದ್ದು ಇಂಥ ಹಳೆಯ ಪೀಳಿಗೆಯ ಅಗ್ಗದ ಚಿಪ್ಪುಗಳೇ.

ಹಾಗಂತ ಹೊಸ ಪೀಳಿಗೆಯೆಲ್ಲ ಬೊಗಳೆಯಲ್ಲ. 3ರ ಪೀಳಿಗೆಯ ಆ್ಯಪಲ್ ಎ17 ಪ್ರೊನಲ್ಲಿ 1,900 ಕೋಟಿ ಟ್ರಾನ್ಸಿಸ್ಟರ್ ಇವೆ, ಜೇಬಿನಲ್ಲಿಟ್ಟುಕೊಳ್ಳುವ ಫೋನಿನಲ್ಲಿ. ಆದರೆ ಎಲ್ಲವೂ ಒಂದೇ ಸಮ ಕುಗ್ಗುತ್ತಿಲ್ಲ. ಪ್ರೊಸೆಸರಿನ ಒಳಗೇ ಇರುವ ವೇಗದ ನೆನಪು (ಮೆಮೊರಿ), ಎಸ್‌ರ್‍ಯಾಮ್, ಅದರ ಒಂದೊಂದು ಬಿಟ್ಟಿಗೂ, ಅಂದರೆ ಒಂದು 0 ಅಥವಾ 1 ಹಿಡಿದಿಡಲು, ಆರು ಟ್ರಾನ್ಸಿಸ್ಟರ್ ಬೇಕು. ಟಿಎಸ್‌ಎಂಸಿಯ 5ರ ಪೀಳಿಗೆಯಲ್ಲಿ ಆ ಒಂದು ಬಿಟ್ ಹಿಡಿಯುತ್ತಿದ್ದ ಜಾಗ 0.021 ಚದರ ಮೈಕ್ರಾನ್. 3ರ ಪೀಳಿಗೆಯ ಮುಖ್ಯ ರೂಪವಾದ ಎನ್3ಇಯಲ್ಲಿ? ಅದೂ 0.021. ಹೆಸರು 5ರಿಂದ 3ಕ್ಕೆ ಬಂತು, ನೆನಪು ಕೂತಲ್ಲೇ ಕೂತಿತ್ತು.

ದುಬಾರಿ ಜಾಗದಲ್ಲಿ ಕುಗ್ಗದ ವಸ್ತುವನ್ನು ಯಾಕಿಡಬೇಕು ಎಂದು ಎಂಜಿನಿಯರುಗಳು ಅದನ್ನು ಹೊರಗೆ ತೆಗೆಯತೊಡಗಿದ್ದಾರೆ. 2023ರಲ್ಲಿ ಬಂದ ಎಎಂಡಿ ಕಂಪನಿಯ ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರ್ ನೋಡಿ. ಗೇಮ್ ಆಡುವ ಹುಡುಗರಿಗೆ ಇದರ ಹೆಸರು ಬಾಯಿಪಾಠ. ಲೆಕ್ಕ ಮಾಡುವ ಚಿಪ್ 5ರದ್ದು. ಅದರ ನೆತ್ತಿಯ ಮೇಲೆ ಅಂಟಿಸಿದ ಹೆಚ್ಚುವರಿ ನೆನಪಿನ ಚಿಪ್ 7ರದ್ದು. ಪಕ್ಕದಲ್ಲಿ, ಹೊರಗಿನ ಜೊತೆ ಮಾತಾಡುವ ಚಿಪ್ 6ರದ್ದು. ಮೂರೂ ಒಂದೇ ಲೋಹದ ಮುಚ್ಚಳದ ಕೆಳಗೆ. ಅಂಗಡಿಯವರನ್ನು "ಇದು ಎಷ್ಟು ನ್ಯಾನೋಮೀಟರ್?" ಎಂದು ಕೇಳಿದರೆ "5, ಸಾರ್" ಎನ್ನುತ್ತಾರೆ. ಆದರೆ ಆಟದಲ್ಲಿ ಅದನ್ನು ಮುಂದೆ ತಂದದ್ದು ಮೇಲೆ ಕೂತ ಆ 7.