ಕೆಲಸದಿಂದ ತೆಗೆದರು: ಪುನಃ ಸೇರಿಸಿಕೊಳ್ಳಿ ಎಂದು ಕೇಳುವುದು ಹೇಗೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಉಪ್ಪಳದ ಬಟ್ಟೆ ಅಂಗಡಿಯೊಂದರಲ್ಲಿ ಮೂರು ವರ್ಷದಿಂದ ಬಿಲ್ಲಿಂಗ್ ಮಾಡುತ್ತಿದ್ದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಕಾರಣ ನಾಲ್ಕು ದಿನ ಹೋಗಲಾಗಲಿಲ್ಲ. ‘ಇನ್ನು ಬರುವುದು ಬೇಡ’ ಎಂದು ಮಾಲೀಕರ ವಾಟ್ಸಾಪ್ ಮೆಸೇಜ್ ಬಂತು. ಪುನಃ ಕೇಳಬಹುದೇ?

ಉತ್ತರ: ಕೇಳಿ. ಬಾಯಲ್ಲಿ ಮಾತಾಡಿದ ಮೇಲೂ ಬರೆದು ಕೊಡಿ. ಪತ್ರದಿಂದ ಮಾಲೀಕರ ಮನಸ್ಸು ಬದಲಾಗದಿದ್ದರೂ ಲೇಬರ್ ಆಫೀಸಿನಲ್ಲಿ ನಿಮ್ಮ ಮೊದಲ ದಾಖಲೆ ಅದೇ ಆಗುತ್ತದೆ.

ಬರೆಯುವ ಮೊದಲು ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಚಾಟ್ ಎಕ್ಸ್‌ಪೋರ್ಟ್ ಮಾಡಿಡಿ. ಸಂಬಳ ಬಿದ್ದ ಬ್ಯಾಂಕ್ ಪಾಸ್‌ಬುಕ್, ಇಎಸ್ಐ ಕಾರ್ಡ್, ಹಾಜರಿಯ ಫೋಟೋ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಒಂದೆಡೆ ಸೇರಿಸಿ. ನೇಮಕಾತಿ ಪತ್ರ ಕೊಡದ ಅಂಗಡಿಗಳೇ ಹೆಚ್ಚು. ವರ್ಷದಲ್ಲಿ 240 ದಿನ (ಕಾನೂನಿನ ಲೆಕ್ಕದಲ್ಲಿ ಒಂದು ವರ್ಷದ ಸತತ ಸೇವೆ) ದುಡಿದಿದ್ದೇನೆಂದು ತೋರಿಸುವ ಹೊಣೆ ಮೊದಲು ಕೆಲಸಗಾರರ ಮೇಲೇ ಬೀಳುತ್ತದೆ.

ಪತ್ರ ಒಂದೇ ಪುಟ ಇರಲಿ. ಸೇರಿದ ದಿನ, ಕೆಲಸ, ಮೆಸೇಜ್ ಬಂದ ದಿನ, ಬಾರದಿದ್ದ ದಿನಗಳು, ಕಾರಣ, ಯಾರಿಗೆ ಯಾವಾಗ ತಿಳಿಸಿದಿರಿ ಎಂಬುದನ್ನು ಬರೆಯಿರಿ. ಮೊದಲೇ ತಿಳಿಸದಿದ್ದರೆ ಅದನ್ನು ಒಪ್ಪಿಕೊಂಡು, ಮುಂದೆ ಏನು ಮಾಡುವಿರಿ ಎಂದು ಒಂದು ಸಾಲು ಸೇರಿಸಿ. ಆಮೇಲೆ ಬೇಡಿಕೆ. ‘ದಯವಿಟ್ಟು ಕರುಣೆ ತೋರಿ’ ಎಂದರೆ ಮಾಲೀಕರಿಗೆ ಮಾಡುವುದೇನೆಂದು ತಿಳಿಯದು. ‘ವಜಾ ಬದಲು ಲಿಖಿತ ಎಚ್ಚರಿಕೆ ಕೊಡಿ, ಆ ನಾಲ್ಕು ದಿನದ ಸಂಬಳ ಹಿಡಿಯಿರಿ, ಬೇಕಿದ್ದರೆ ಬೇರೆ ಶಿಫ್ಟಿಗೆ ಹಾಕಿ’ ಎಂದರೆ ಅವರಿಗೂ ಮಾನ ಉಳಿಸಿಕೊಂಡು ಒಪ್ಪಲು ದಾರಿಯಾಗುತ್ತದೆ. ಏಳು ದಿನದೊಳಗೆ ಉತ್ತರ ಕೇಳಿ. ಒಪ್ಪದಿದ್ದರೆ ಕಾರಣವನ್ನು ಬರೆದು ಕೊಡಲು ಹೇಳಿ.

ಕ್ಯಾಶ್ ಕಮ್ಮಿ ಬಂದಿದೆ ಎಂಬ ಆರೋಪವೂ ಇದ್ದರೆ ಜಾಗ್ರತೆ. ಕೆಲಸ ಉಳಿಯಲಿ ಎಂದು ಮಾಡದ ತಪ್ಪಿಗೆ ಕ್ಷಮೆ ಕೇಳಿದರೆ ಅದು ಒಪ್ಪಿಗೆಯಾಗಿ ನಿಲ್ಲುತ್ತದೆ. ಆ ದಿನದ ಬಿಲ್ ಮತ್ತು ಲೆಕ್ಕ ತೋರಿಸಿ ಎಂದಷ್ಟೇ ಬರೆಯಿರಿ.

ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ದಿನಾಂಕ, ಸಹಿ, ಸೀಲ್ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯ ಜತೆಗೆ ತಲುಪಿದ ಟ್ರ್ಯಾಕಿಂಗ್ ವಿವರವನ್ನೂ ಪ್ರಿಂಟ್ ತೆಗೆದಿಡಿ.

ಹೆಚ್ಚಿನವರು ಎಡವುವುದು ಬಾಕಿ ಸಂಬಳ ತರಲು ಹೋದಾಗ. ‘ಇಲ್ಲೊಂದು ಸಹಿ ಹಾಕು’ ಎಂದು ಚಾಚುವ ಕಾಗದ ರಾಜೀನಾಮೆಯಾಗಿರಬಹುದು, ಇಲ್ಲವೇ ‘ಇನ್ನೇನೂ ಬರಬೇಕಾದ್ದಿಲ್ಲ’ ಎಂಬ ಹೇಳಿಕೆ. ಮಲಯಾಳ ಓದಲು ಬಾರದಿದ್ದರೆ ಓದಿಸಿಕೊಳ್ಳದೆ ಸಹಿ ಬೇಡ. ಪಡೆದ ಮೊತ್ತಕ್ಕೆ ಮಾತ್ರ ರಸೀದಿ ಕೊಡಿ.

ಕಾನೂನು ನಿಮ್ಮ ಬೆನ್ನಿಗಿದೆ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ಸತತ ಆರು ತಿಂಗಳು ದುಡಿದವರನ್ನು ತೆಗೆಯಲು ಸಕಾರಣವೂ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳವೂ ಬೇಕು. ದುರ್ನಡತೆ ಎಂದು ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ಆದರೂ ಮೊದಲ ಪತ್ರದಲ್ಲೇ ಸೆಕ್ಷನ್‌ಗಳನ್ನು ತುಂಬಬೇಡಿ, ಯೂನಿಯನ್‌ನವರನ್ನೂ ಜತೆಗೆ ಕರೆದೊಯ್ಯಬೇಡಿ. ಸಣ್ಣ ಅಂಗಡಿಯಲ್ಲಿ ವಿಷಯ ಅಲ್ಲಿಗೇ ಹಠಕ್ಕೆ ತಿರುಗುತ್ತದೆ. ಯೂನಿಯನ್‌ನವರ ಸರದಿ ಆಮೇಲೆ.

‘ಓಣಂ ಕಳೆಯಲಿ, ನೋಡುವ’ ಎಂಬ ಮಾತು ನಂಬಿ ಕೂರಬೇಡಿ. ಮರುಪರಿಶೀಲನೆ ಕೇಳಿದ್ದೀರಿ ಎಂದು ವಜಾ ವಿರುದ್ಧದ ಅಪೀಲಿನ ಗಡುವು ಕಾಯುವುದಿಲ್ಲ. ಏಳು ದಿನ ಕಳೆದೊಡನೆ ಲೇಬರ್ ಆಫೀಸಿಗೆ ದೂರು ಕೊಡಿ, ಕನ್ನಡದಲ್ಲೇ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕಿದೆ. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನದೊಳಗೆ ಇತ್ಯರ್ಥವಾಗದಿದ್ದರೆ ನೇರ ಟ್ರಿಬ್ಯೂನಲ್‌ಗೆ (ಕಾರ್ಮಿಕ ವ್ಯಾಜ್ಯಗಳ ನ್ಯಾಯಮಂಡಳಿ) ಹೋಗಬಹುದು. ಅದಕ್ಕೆ ಕೆಲಸ ಹೋದ ದಿನದಿಂದ ಎರಡು ವರ್ಷ ಮಿತಿ. ಮಹಿಳೆಯರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. (ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗಿ ದುಡಿಯುವವರಿಗೆ ಕರ್ನಾಟಕದ ಕಾಯಿದೆ, ಅಲ್ಲಿನ ಕಾರ್ಮಿಕ ಇಲಾಖೆ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ.)

ಮಾಲೀಕರು ‘ನಾಳೆ ಬಾ’ ಎಂದರೆ ಮರುದಿನವೇ ಹೋಗಿ. ಮುನಿಸಿಕೊಂಡು ತಡಮಾಡಿದರೆ ಕರೆದರೂ ಬರಲಿಲ್ಲ ಎಂದಾಗುತ್ತದೆ. ಹಳೆಯ ಕೆಲಸವೇ ಮುಂದುವರಿದಿದೆ ಎಂದು ಎರಡು ಸಾಲು ಬರೆಸಿಕೊಳ್ಳಿ. ಹೊಸದಾಗಿ ಸೇರಿದಂತೆ ಕಾಗದವಾದರೆ ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವೆಗಾಗಿ ಸಿಗುವ ಮೊತ್ತ) ಬೇಕಾದ ಐದು ವರ್ಷದ ಲೆಕ್ಕವನ್ನು ಅಂದಿನಿಂದ ಶುರುಮಾಡಲು ಅವರಿಗೆ ನೆಪ ಸಿಗುತ್ತದೆ.