ಮನೆಗೆ ಸಬ್ಸಿಡಿ, ಮಿಲ್ಲಿಗೆ ಸವಕಳಿ: ಸೋಲಾರ್ ರಿಯಾಯಿತಿಯ ಟಿಪ್ಪಣಿ

ಕಲಬುರಗಿಯ ಗಂಜ್‌ನಲ್ಲಿ ಒಬ್ಬ ಆಡಿಟರ್ ಹತ್ತಿರ ಅರ್ಧ ದಿನ ಲೆಕ್ಕ ಬರೆಯುತ್ತೇನೆ, ಉಳಿದರ್ಧ ದಿನ ತೆರಿಗೆ ವಿಷಯದ ಪರೀಕ್ಷೆಗೆ ಓದುತ್ತೇನೆ. ಹೋದ ಬೇಸಿಗೆಯಲ್ಲಿ ದಾಲ್ ಮಿಲ್ಲಿನ ಮಾಲೀಕರೊಬ್ಬರು ಬಂದು, "ತಮ್ಮಾ, ಮಿಲ್ಲಿನ ತಗಡಿನ ಮ್ಯಾಲ ಸೋಲಾರ್ ಹಾಕ್ಸಬೇಕಂತ ಮಾಡೀನಿ, ಸರ್ಕಾರದಿಂದ ಎಷ್ಟ್ ಬರ್ತದ?" ಎಂದು ಕೇಳಿದರು. ಬಾಯಿಪಾಠ ಮಾಡಿದ್ದು ತಟ್ಟನೆ ಹೊರಬಿತ್ತು: "ಎಪ್ಪತ್ತೆಂಟು ಸಾವಿರ ಬರ್ತದ್ರಿ ಕಾಕಾ." ಪಕ್ಕದ ಮೇಜಿನ ಸೀನಿಯರ್ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಮಿಲ್ಲಿಗೆ ಆ ದುಡ್ಡಿನಲ್ಲಿ ಒಂದು ಪೈಸೆಯೂ ಇಲ್ಲ.

ಅವತ್ತು ರಾತ್ರಿ ಕೂತು ಬರೆದುಕೊಂಡ ಟಿಪ್ಪಣಿ ಇದು. ಮೊದಲ ಸಾಲೇ ಒಂದು ಪ್ರಶ್ನೆ: ಮೀಟರ್ ಯಾವುದು? ಗೃಹಬಳಕೆಯ ಮೀಟರ್ ಆದರೆ ಕೈಗೆ ಸಹಾಯಧನ ಬರುತ್ತದೆ, ಆದಾಯ ತೆರಿಗೆಯಲ್ಲಿ ಏನೂ ಸಿಗುವುದಿಲ್ಲ. ವ್ಯಾಪಾರದ್ದಾದರೆ ಕೈಗೆ ಏನೂ ಬರುವುದಿಲ್ಲ, ಕಟ್ಟಬೇಕಾದ ತೆರಿಗೆ ಇಳಿಯುತ್ತದೆ. ಸೋಲಾರ್ ಅಂದಕೂಡಲೇ ಎರಡನ್ನೂ ಕಲಸಿಬಿಡುವುದು ನನ್ನೊಬ್ಬನ ತಪ್ಪಲ್ಲ, ನಮ್ಮ ಓದುವ ಗುಂಪಿನಲ್ಲಿ ಮುಕ್ಕಾಲು ಮಂದಿ ಹಾಗೇ ಬರೆದಿದ್ದರು.

ಮನೆಯ ಲೆಕ್ಕ

ಮನೆಗೆ ಇರುವುದು ಪಿಎಂ ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆ. 2024ರ ಫೆಬ್ರುವರಿಯಲ್ಲಿ ಶುರುವಾದದ್ದು. ಒಟ್ಟು ವೆಚ್ಚ 75,021 ಕೋಟಿ ರೂಪಾಯಿ, ಗುರಿ 1 ಕೋಟಿ ಮನೆ, ಅವಧಿ 2026-27ರವರೆಗೆ. ಸಹಾಯಧನ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಅಲ್ಲಿಗೆ 78,000, ಅಷ್ಟಕ್ಕೇ ನಿಂತಿತು. 5 ಹಾಕಿಸಿದರೂ 78,000, 10 ಹಾಕಿಸಿದರೂ 78,000. ಎರಡೂವರೆ ಕಿಲೋವ್ಯಾಟ್‌ಗೆ ಎಷ್ಟು ಅಂತ ಕೇಳಿದರೆ 60,000ಕ್ಕೆ 18,000ದ ಅರ್ಧ ಸೇರಿಸಿ: 69,000. ಅಪಾರ್ಟ್‌ಮೆಂಟ್ ಸಂಘಗಳು ಲಿಫ್ಟು, ಪಂಪು, ಕಾರು ಚಾರ್ಜಿಂಗ್‌ನಂಥ ಸಾಮೂಹಿಕ ಬಳಕೆಗೆ ಹಾಕಿಸಿದರೆ ಕಿಲೋವ್ಯಾಟ್‌ಗೆ 18,000, 500 ಕಿಲೋವ್ಯಾಟ್‌ವರೆಗೆ.

ಇದು ಅಂಗಡಿಯವನು ಬಿಲ್ಲಿನಲ್ಲೇ ಕಳೆದುಕೊಡುವ ರಿಯಾಯಿತಿ ಅಲ್ಲ. ಮೊದಲು ಪೂರ್ತಿ ದುಡ್ಡು ನಾವೇ ಹೊಂದಿಸಬೇಕು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನೋಂದಾಯಿತ ಮಾರಾಟಗಾರರಿಂದ ಕೂಡಿಸಿ, ನೆಟ್ ಮೀಟರ್ (ಗ್ರಿಡ್‌ನಿಂದ ಪಡೆದದ್ದು, ಗ್ರಿಡ್‌ಗೆ ಕೊಟ್ಟದ್ದು ಎರಡನ್ನೂ ಅಳೆಯುವ ಮೀಟರ್) ಬಂದು, ತಪಾಸಣೆ ಮುಗಿದು, ಚಾಲನಾ ವರದಿ ಪೋರ್ಟಲ್‌ಗೆ ಏರಿದ ಮೇಲೆ ಬ್ಯಾಂಕ್ ಖಾತೆಗೆ ಜಮಾ. ನಮ್ಮ ಕಡೆ ಬೀದರ್‌ನಿಂದ ಬಳ್ಳಾರಿವರೆಗೆ ವಿದ್ಯುತ್ ಕೊಡುವುದು ಜೆಸ್ಕಾಂ, ಆದ್ದರಿಂದ ಪೋರ್ಟಲ್‌ನಲ್ಲಿ ವಿತರಣಾ ಕಂಪನಿ ಅಂತ ಆರಿಸಿಕೊಳ್ಳಬೇಕಾದದ್ದು ಅದನ್ನೇ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ, ಅರ್ಜಿ ಒಪ್ಪಿತ ಎಂದೇ ಲೆಕ್ಕ. 2024ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂದ ಮೇಲಿನ ಅನುಕೂಲ ಇದು. ಕೈಯಲ್ಲಿ ಅಷ್ಟು ದುಡ್ಡಿಲ್ಲದವರಿಗೆ 3 ಕಿಲೋವ್ಯಾಟ್‌ವರೆಗೆ ಅಡಮಾನ ಇಲ್ಲದ ಸಾಲವೂ ಇದೆ.

ನಮ್ಮ ಮನೆಯ ಅರ್ಜಿ ಎಡವಿದ್ದು ಹೆಸರಿನಲ್ಲಿ. ಮನೆ ಕಟ್ಟಿಸಿದ್ದು ಮುತ್ಯಾ, ಮೀಟರೂ ಮುತ್ಯಾನ ಹೆಸರಿನಲ್ಲೇ. ಮುತ್ಯಾ ಹೋಗಿ ಒಂಬತ್ತು ವರ್ಷ. ತಿಂಗಳ ಬಿಲ್ಲನ್ನು ಅಪ್ಪ ಫೋನಿನಲ್ಲೇ ಕಟ್ಟುತ್ತಿದ್ದರು, ಮೇಲಿನ ಹೆಸರು ಯಾರೂ ನೋಡಿರಲಿಲ್ಲ. ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಹೊಂದಬೇಕು. ಮರಣ ಪ್ರಮಾಣಪತ್ರ, ವಾರಸಾ ಕಾಗದ, ಚಿಕ್ಕಪ್ಪಂದಿರ ಒಪ್ಪಿಗೆ ಅಂತ ಎಲ್ಲ ಕೂಡಿಸಿ ಮೀಟರ್ ಅಪ್ಪನ ಹೆಸರಿಗೆ ಆಗುವಷ್ಟರಲ್ಲಿ ಶ್ರಾವಣ ಬಂತು. ಅಂದಹಾಗೆ, ಬಿಲ್ಲಿನಲ್ಲಿ ಹೆಸರಿನ ಕಾಗುಣಿತವನ್ನೂ ನೋಡಿಕೊಳ್ಳಿ. "ಶರಣಪ್ಪ" ಇದ್ದದ್ದು "ಶರಣಬಸಪ್ಪ" ಆಗಿದ್ದರೂ ತಕರಾರೇ.

ಇನ್ನೊಂದು ಕಡೆ ಎಡವುವುದು ಪ್ಯಾನೆಲ್‌ನಲ್ಲಿ. ಸಹಾಯಧನ ಬೇಕಾದರೆ ಪ್ಯಾನೆಲ್ ದೇಶೀಯವಾಗಿರಬೇಕು. ಬರೀ ಜೋಡಣೆಯಲ್ಲ, ಒಳಗಿನ ಸೆಲ್ ಕೂಡ ಇಲ್ಲೇ ತಯಾರಾಗಿರಬೇಕು. ಮಾರುವವರು ಇದನ್ನು ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಡಿಸಿಆರ್ ಅಲ್ಲದ್ದು ಅಗ್ಗ. ನಮಗೆ ದರಪಟ್ಟಿ ಕೊಟ್ಟ ಒಬ್ಬರು ಅಗ್ಗದ ಪ್ಯಾನೆಲ್‌ನ ಬೆಲೆ ಬರೆದು ಅದರಲ್ಲೇ 78,000 ಕಳೆದು ತೋರಿಸಿದ್ದರು. ಅಂಥ ದರಪಟ್ಟಿ ಕೈಗೆ ಬಂದರೆ ಡಿಸಿಆರ್ ಎಂಬ ಮೂರಕ್ಷರ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ.

ಬಿಲ್ಲೇ ಬಾರದವರಿಗೆ

ಶಹಾಬಾದ್‌ನ ಅತ್ತಿ ಕೇಳಿದ ಪ್ರಶ್ನೆ ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ. "ಗೃಹಜ್ಯೋತಿದಾಗ ನಂಗ ಬಿಲ್ಲೇ ಜೀರೋ ಬರ್ಲಕತ್ತದ. ಲಕ್ಷ ರೂಪಾಯಿ ಹಾಕಿ ಏನ್ ಉಳಸ್ಲಿ ಹೇಳು?" ಅತ್ತಿ ಹೇಳಿದ್ದೇ ಸರಿ. 2023ರಿಂದ ರಾಜ್ಯದಲ್ಲಿ 200 ಯೂನಿಟ್ ಒಳಗೆ, ಮನೆಯ ಹಿಂದಿನ ಸರಾಸರಿ ನೋಡಿ ನಿಗದಿ ಮಾಡಿದಷ್ಟು ವಿದ್ಯುತ್ ಉಚಿತ. ಇಬ್ಬರೇ ಇರುವ ಮನೆ, ಎರಡು ಫ್ಯಾನು, ಒಂದು ಟಿವಿ. ಅಲ್ಲಿ ಸೋಲಾರ್ ಉಳಿಸುವುದಕ್ಕೆ ಬಿಲ್ಲೇ ಇಲ್ಲ. ಸಹಾಯಧನ ಇದೆ ಅನ್ನುವ ಒಂದೇ ಕಾರಣಕ್ಕೆ ಅಂಥವರು ಸಾಲ ಮಾಡಿ ಹಾಕಿಸಬಾರದು ಅಂತಲೇ ನನ್ನ ಅಭಿಪ್ರಾಯ.

ನಮ್ಮದು ಬೇರೆ. ಕೂಡು ಕುಟುಂಬ, ಒಂದೇ ಮೀಟರ್, ತಿಂಗಳಿಗೆ 300 ಯೂನಿಟ್ ಆಸುಪಾಸು. 200 ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ 3 ಕಿಲೋವ್ಯಾಟ್‌ಗೆ 1,80,000 ಬೆಲೆ, ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿಯೋಣ. ಸಹಾಯಧನ ಕಳೆದರೆ ಕೈಯಿಂದ ಹೋಗುವುದು 1,02,000. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಟ್ಟರೆ ತಿಂಗಳಿಗೆ 360. ಇಲ್ಲಿ ನಾನು ಮೊದಲು 360ನ್ನು 6ರಿಂದ ಗುಣಿಸಿ ಖುಷಿಪಟ್ಟಿದ್ದೆ. ಹಾಗೆ ಮಾಡಬಾರದು. ನಾವು ಉಳಿಸುವುದು ನಾವು ಬಳಸುವ 300 ಯೂನಿಟ್‌ನ ದುಡ್ಡನ್ನು, ಅಂದರೆ 1,800. ಮಿಕ್ಕ 60 ಗ್ರಿಡ್‌ಗೆ ಹೋಗುತ್ತದೆ, ಅದಕ್ಕೆ ಸಿಗುವ ದರವೇ ಬೇರೆ, ಕಡಿಮೆ. ವರ್ಷಕ್ಕೆ 21,600 ಅಂತ ಹಿಡಿದರೆ ಹಾಕಿದ ದುಡ್ಡು ವಾಪಸಾಗಲು ಸುಮಾರು 4 ವರ್ಷ 9 ತಿಂಗಳು. ನಿಗದಿತ ಶುಲ್ಕ ಮಾತ್ರ ಸೋಲಾರ್ ಹಾಕಿದರೂ ತಪ್ಪುವುದಿಲ್ಲ.

ನಮ್ಮ ಬಿಸಿಲಿಗೆ 4 ಯೂನಿಟ್ ಏನು, 6 ಬರಬೇಕು ಅಂತ ಯಾರಾದರೂ ಅಂದರೆ ನಂಬಬೇಡಿ. ಪ್ಯಾನೆಲ್ ಮೇಲೆ ಬರೆದ ಸಾಮರ್ಥ್ಯ 25 ಡಿಗ್ರಿ ಸೆಲ್ ಉಷ್ಣತೆಗೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಮೇ ತಿಂಗಳ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಕಾದರೆ, ಡಿಗ್ರಿಗೆ ಶೇ 0.35ರಂತೆ ಶೇ 14ರಷ್ಟು ಉತ್ಪಾದನೆ ಇಳಿಯುತ್ತದೆ. ಜೊತೆಗೆ ನಮ್ಮ ಬೋರಿನ ಗಡಸು ನೀರು. ಬಿಸಿಲೇರಿದ ಮೇಲೆ ತೊಳೆದರೆ ಗಾಜಿನ ಮೇಲೆ ಸುಣ್ಣದ ಬಿಳಿ ಕಲೆ ಕೂತುಬಿಡುತ್ತದೆ. ಬೆಳಗ್ಗೆ ಬೆಳಗ್ಗೆಯೇ ತೊಳೆದು ಒರೆಸಬೇಕು.

ಮಿಲ್ಲಿನ ಲೆಕ್ಕ

ಈಗ ಕಾಕಾ ಅವರ ತಗಡಿಗೆ ಬರೋಣ. ವ್ಯಾಪಾರಿಗೆ ಸಿಗುವುದು ಸವಕಳಿ, ಅಂದರೆ ಡಿಪ್ರಿಸಿಯೇಷನ್: ಸಾಧನ ಸವೆದಷ್ಟು ಬೆಲೆಯನ್ನು ವರ್ಷವರ್ಷ ಖರ್ಚು ಅಂತ ತೋರಿಸುವುದು. ಆದಾಯ ತೆರಿಗೆಯ ಸವಕಳಿ ನಿಯಮ ಓದಿದವರಿಗೆ ಗೊತ್ತು, ಸಾಮಾನ್ಯ ಯಂತ್ರಕ್ಕೆ ವರ್ಷಕ್ಕೆ ಶೇ 15, ಸೌರ ವಿದ್ಯುತ್ ಸಾಧನಕ್ಕೆ ಶೇ 40. ಹಳೆಯ ಗೈಡುಗಳಲ್ಲಿ 80 ಅಂತಿದೆ, 2017ರ ಏಪ್ರಿಲ್‌ನಿಂದ ಅದು 40ಕ್ಕೆ ಇಳಿದಿದೆ.

ಮಿಲ್ಲಿಗೆ 25 ಲಕ್ಷದ ಘಟಕ ಅನ್ನಿ. ಮೊದಲ ವರ್ಷ ಸವಕಳಿ 10 ಲಕ್ಷ, ಉಳಿದ 15 ಲಕ್ಷದ ಮೇಲೆ ಎರಡನೇ ವರ್ಷ 6 ಲಕ್ಷ, ಮೂರನೇ ವರ್ಷ 3.6 ಲಕ್ಷ. ಪಾಲುದಾರಿಕೆ ಸಂಸ್ಥೆಗೆ ಶೇ 30 ತೆರಿಗೆ, ಸೆಸ್ ಬದಿಗಿಟ್ಟರೆ ಮೊದಲ ವರ್ಷ ಉಳಿಯುವ ತೆರಿಗೆ 3 ಲಕ್ಷ. 10 ಲಕ್ಷ ಉಳಿಯಿತು ಅಂತ ಬರೆದವರ ಉತ್ತರ ತಪ್ಪು. ಸವಕಳಿ ಲಾಭದಲ್ಲಿ ಕಳೆಯುತ್ತದೆ, ತೆರಿಗೆಯಲ್ಲಿ ಅಲ್ಲ. ಲಾಭವೇ ಇಲ್ಲದ ವರ್ಷ ಆ ವರ್ಷಕ್ಕೆ ಅದರಿಂದ ಉಪಯೋಗವಿಲ್ಲ, ಮುಂದಕ್ಕೆ ಒಯ್ಯಬೇಕು.

ತಾರೀಕು ಇಲ್ಲಿ ಮುಖ್ಯ. ಘಟಕ ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಮೊದಲ ವರ್ಷ ಅರ್ಧ ಮಾತ್ರ, ಶೇ 20. ಅಕ್ಟೋಬರ್ 3ರೊಳಗೆ ಚಾಲೂ ಆಗಲಿಲ್ಲವೋ, ಅರ್ಧ ಹೋಯಿತು. ಗಂಜ್‌ನ ರೂಢಿ ಇದಕ್ಕೆ ತದ್ವಿರುದ್ಧ: ದೀಪಾವಳಿ ಮುಗಿಯಲಿ, ಹೊಸ ತೊಗರಿ ಬರಲಿ, ನಾಲ್ಕು ದುಡ್ಡು ಆಡಲಿ, ಆಮೇಲೆ ನೋಡೋಣ ಅನ್ನುವುದು. ಹೊಸ ತೊಗರಿ ಆವಕ ಡಿಸೆಂಬರ್, ಜನವರಿಗೆ. ಅಷ್ಟೊತ್ತಿಗೆ 180 ದಿನ ಉಳಿದಿರುವುದಿಲ್ಲ.

ಜಿಎಸ್‌ಟಿ ಇಬ್ಬರಿಗೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸೌರ ಸಾಧನಗಳ ದರ 12ರಿಂದ 5ಕ್ಕೆ ಇಳಿದಿದೆ. ಆದರೆ ಕೂಡಿಸಿಕೊಡುವುದೂ ಸೇರಿದ ಒಪ್ಪಂದದಲ್ಲಿ ಶೇ 70 ಸಾಮಾನು, ಶೇ 30 ಸೇವೆ ಅಂತ ಭಾಗ ಮಾಡುತ್ತಾರೆ, ಸೇವೆಗೆ ಶೇ 18. ಲಕ್ಷ ರೂಪಾಯಿಗೆ 3,500 ಮತ್ತು 5,400, ಒಟ್ಟು 8,900. ಮೊದಲು ಇದೇ 13,800 ಆಗುತ್ತಿತ್ತು. ಮನೆಯವರು ಇದನ್ನು ಕಟ್ಟಿ ಮರೆಯಬೇಕು. ಜಿಎಸ್‌ಟಿ ವ್ಯವಹಾರ ಮಾಡುವವರು ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಅಂದರೆ ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು ಮಾರಿದಾಗ ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳಬಹುದು, ಆದರೆ ಬಿಡಿ ಬೇಳೆ ಮಾರಾಟಕ್ಕೆ ತೆರಿಗೆ ಇಲ್ಲದ್ದರಿಂದ ಅಷ್ಟರ ಮಟ್ಟಿಗೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಪಡೆದ ಜಿಎಸ್‌ಟಿ ಮೊತ್ತದ ಮೇಲೆ ಮತ್ತೆ ಸವಕಳಿ ತೋರಿಸುವಂತಿಲ್ಲ.

ಮನೆಯವರಿಗೂ ಶೇ 30 ತೆರಿಗೆ ಕ್ರೆಡಿಟ್ ಇದೆ ಅಂತ ನಮ್ಮ ಗುಂಪಿನ ಒಬ್ಬ ವಾದ ಹೂಡಿದ್ದ. ಅವನು ಓದಿದ್ದು ಅಮೆರಿಕದ ಕಾನೂನು, ಅಲ್ಲೂ ಅದು 2025ರ ಕೊನೆಯವರೆಗೆ ಮಾತ್ರ ಇತ್ತು.

ಹೊಲದ ಪಂಪ್‌ಸೆಟ್ಟಿಗೆ ಇದ್ಯಾವುದೂ ಅಲ್ಲ, ಅದಕ್ಕೆ 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆ. ಅದರಡಿ ನಮ್ಮ ರಾಜ್ಯದಲ್ಲಿ ಪಂಪಿನ ವೆಚ್ಚದ ಪಾಲು ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50, ರೈತರದು ಶೇ 20.

ಅಭ್ಯಾಸಕ್ಕೆ ಒಂದು ಲೆಕ್ಕ. ಒಬ್ಬರ ಮಿಲ್ಲಿನ ತಗಡಿನ ಮೇಲೆ 20 ಲಕ್ಷದ ಘಟಕ, ಡಿಸೆಂಬರ್ 20ಕ್ಕೆ ಚಾಲೂ. ಅದೇ ದಿನ ಅವರ ಮನೆಯ ಮೇಲೆ, ಬೇರೆ ಗೃಹಬಳಕೆ ಮೀಟರ್‌ಗೆ, 4 ಕಿಲೋವ್ಯಾಟ್ ಡಿಸಿಆರ್ ಪ್ಯಾನೆಲ್. ಎರಡು ವರ್ಷದ ಸವಕಳಿ ಎಷ್ಟು, ಸಹಾಯಧನ ಎಷ್ಟು? 4 ಲಕ್ಷ, 6.4 ಲಕ್ಷ ಮತ್ತು 78,000 ಬಂದರೆ ಸರಿ. ಮೊದಲನೆಯದು 8 ಲಕ್ಷ ಬಂದಿದ್ದರೆ ನೀವು ತಾರೀಕು ನೋಡಿಲ್ಲ.