ರೀಬೂಟ್ ಅಂದರೆ ರೀಮೇಕ್ ಅಲ್ಲ

2025ರ ಜುಲೈನಲ್ಲಿ ಹೊಸ ‘ಸೂಪರ್‌ಮ್ಯಾನ್’ ಬಂತಲ್ಲ, ಆವತ್ತಿನಿಂದ ಒಂದೇ ಮಾತು ಕೇಳುತ್ತಿದ್ದೇನೆ. ಅಮೆರಿಕದವರಿಗೆ ಅದು ಬೇಸಿಗೆಯ ಸಿನಿಮಾ, ಬೆಂಗಳೂರಿನ ನಾವು ಜರ್ಕಿನ್ ಹಾಕಿಕೊಂಡು ಹೋಗಿ ನೋಡಿದ್ದು. ಇಂಟರ್‌ವೆಲ್‌ನಲ್ಲಿ ಪಕ್ಕದ ಸೀಟಿನವರು ಮಗನಿಗೆ ಹೇಳಿದರು: ‘ಇದು ಹಳೇ ಸೂಪರ್‌ಮ್ಯಾನ್‌ನ ರೀಮೇಕ್ ಕಣೋ.’ ಮನೆಗೆ ಬಂದರೆ ವಾಟ್ಸ್ಯಾಪ್‌ನಲ್ಲೂ ಅದೇ. ಮರುದಿನ ಒಂದು ವಿಮರ್ಶೆ ಓದಿದೆ, ಒಂದೇ ಪ್ಯಾರಾದಲ್ಲಿ ರೀಮೇಕ್, ರೀಬೂಟ್, ಸೀಕ್ವೆಲ್ ಮೂರನ್ನೂ ಅದೇ ಸಿನಿಮಾಗೆ ಹಚ್ಚಿದ್ದರು. ಸಿನಿಮಾ ಬಗ್ಗೆ ಬರೆಯುವವರೇ ಹೀಗೆ ಮಾಡಿದರೆ ಹೇಗೆ?

ರೀಮೇಕ್ ಏನು ಅಂತ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1993ರ ಮಲಯಾಳಂ ‘ಮಣಿಚಿತ್ರತಾಳ್’ 2004ರಲ್ಲಿ ನಮ್ಮ ‘ಆಪ್ತಮಿತ್ರ’ ಆಯಿತು. ಒಂದು ಸಿನಿಮಾದ ಕಥೆಯನ್ನೇ ಎತ್ತಿಕೊಂಡು ಇನ್ನೊಂದು ಸಿನಿಮಾ ಮಾಡುವುದು. ಅಷ್ಟೇ. ತಕರಾರು ಇರುವುದು ರೀಬೂಟ್ ಅನ್ನುವ ಪದದ ಬಗ್ಗೆ. ಅದು ಎಲ್ಲಿಂದ ಬಂತು ಅಂತ ಗೊತ್ತಾದರೆ ಗೊಂದಲ ತಾನಾಗಿಯೇ ಕಮ್ಮಿಯಾಗುತ್ತದೆ.

ಬೂಟಿನ ಹಿಂದುಗಡೆ ಮೇಲೆ ಒಂದು ಪಟ್ಟಿ ಇರುತ್ತದೆ ನೋಡಿ, ಬೆರಳು ತೂರಿಸಿ ಎಳೆದುಕೊಳ್ಳುವುದಕ್ಕೆ. ಅದು ಬೂಟ್‌ಸ್ಟ್ರ್ಯಾಪ್. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಅಂದರೆ 19ನೇ ಶತಮಾನದ ಇಂಗ್ಲಿಷಿನಲ್ಲಿ ಆಗದ ಕೆಲಸ ಅಂತ ಅರ್ಥ. ಬರಬರುತ್ತಾ ಅರ್ಥ ತಿರುಗಿತು. ಯಾರ ನೆರವೂ ಇಲ್ಲದೆ ಸ್ವಂತ ಬಲದಿಂದ ಮೇಲೆ ಬರುವುದು ಅಂತಾಯಿತು. ಕಂಪ್ಯೂಟರಿನವರಿಗೆ ಈ ಮಾತು ಸರಿಯಾಗಿ ಹೊಂದಿತು. ಮೆಮೊರಿಗೆ ಒಂದು ಪ್ರೋಗ್ರಾಮ್ ತುಂಬಬೇಕಾದರೆ ಇನ್ನೊಂದು ಪ್ರೋಗ್ರಾಮ್ ಬೇಕು, ಹಾಗಾದರೆ ಎಲ್ಲಕ್ಕಿಂತ ಮೊದಲನೆಯದನ್ನು ತುಂಬುವುದು ಯಾವುದು? ಅದಕ್ಕೆ ಒಂದು ಪುಟ್ಟ ಪ್ರೋಗ್ರಾಮ್ ಇಟ್ಟರು. ಅದು ತನಗಿಂತ ದೊಡ್ಡದನ್ನು ಎಳೆದು ತರುತ್ತದೆ, ಆ ದೊಡ್ಡದು ಮಿಕ್ಕಿದ್ದನ್ನೆಲ್ಲ ಎಬ್ಬಿಸುತ್ತದೆ. ತನ್ನ ಬೂಟನ್ನು ತಾನೇ ಎಳೆದುಕೊಂಡು ಎದ್ದ ಹಾಗೆಯೇ ಅಲ್ವಾ? 1950ರ ದಶಕದಲ್ಲಿ ಅದನ್ನು ಬೂಟ್‌ಸ್ಟ್ರ್ಯಾಪ್ ಅನ್ನುತ್ತಿದ್ದರು, ಆಮೇಲೆ ಬಾಲ ಕಳಚಿ ಬೂಟ್ ಉಳಿಯಿತು. ಮತ್ತೆ ಮಾಡಿದರೆ ರೀಬೂಟ್.

ಈ ಊರಿನಲ್ಲಿ ಅರ್ಧ ಜನಕ್ಕೆ ಇದು ದಿನದ ಮಾತು. ‘ಒಂದ್ಸಲ ರೀಬೂಟ್ ಮಾಡಿ ನೋಡಿ ಸಾರ್’ ಅಂತ ಸಪೋರ್ಟಿನವರು ಹೇಳದ ದಿನವಿಲ್ಲ. ರೀಬೂಟ್ ಮಾಡಿದರೆ ಏನಾಗುತ್ತದೆ? ಲ್ಯಾಪ್‌ಟಾಪ್ ಅದೇ. ಡಿಸ್ಕ್‌ನಲ್ಲಿ ಇರುವುದೂ ಹಾಗೇ ಇರುತ್ತದೆ. ಅಲ್ಲಿಯವರೆಗೆ ಮೆಮೊರಿಯಲ್ಲಿ ಓಡುತ್ತಿದ್ದದ್ದು ಮಾತ್ರ ಹೋಗುತ್ತದೆ. ಕಥೆಯಲ್ಲೂ ಹಾಗೆಯೇ. ಪಾತ್ರ, ಹೆಸರು, ವೇಷ, ಊರು ಉಳಿಯುತ್ತವೆ. ಇಲ್ಲಿಯವರೆಗೆ ನಡೆದದ್ದರ ಲೆಕ್ಕ ಅಳಿಸಿಹೋಗುತ್ತದೆ. ಯಾರು ಸತ್ತರು, ಯಾರು ಯಾರನ್ನು ಮದುವೆಯಾದರು, ಯಾವುದೂ ಇನ್ನು ಲೆಕ್ಕಕ್ಕಿಲ್ಲ.

ಕಾಮಿಕ್ಸ್‌ನವರಿಗೆ ಇದು ಯಾಕೆ ಬೇಕಾಯಿತು ಅಂದರೆ, ಸೂಪರ್‌ಮ್ಯಾನ್ ಶುರುವಾದದ್ದು 1938ರಲ್ಲಿ, ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ. ದಶಕಗಟ್ಟಲೆ ಕಥೆ ಗುಡ್ಡೆಯಾದರೆ ಹೊಸ ಓದುಗ ಎಲ್ಲಿಂದ ಒಳಗೆ ಬರಬೇಕು? ಸೂಪರ್‌ಮ್ಯಾನ್ ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ 1985-86ರಲ್ಲಿ 12 ಸಂಚಿಕೆಗಳ ಒಂದು ಕಥೆ ಮಾಡಿ, ಅಲ್ಲಿಯವರೆಗೆ ಬೇರೆ ಬೇರೆ ಲೋಕಗಳಲ್ಲಿ ನಡೆಯುತ್ತಿದ್ದ ಕಥೆಗಳನ್ನೆಲ್ಲ ಒಂದೇ ಲೋಕಕ್ಕೆ ತಂದಿತು. ಅದರ ಬೆನ್ನಿಗೇ ಕಾಮಿಕ್ಸ್ ಬರೆದು ಚಿತ್ರ ಬಿಡಿಸುವ ಜಾನ್ ಬರ್ನ್ ಸೂಪರ್‌ಮ್ಯಾನ್ ಕಥೆಯನ್ನು ಮೊದಲಿನಿಂದ ಹೇಳಿದ. 2011ರಲ್ಲಿ ಮತ್ತೊಮ್ಮೆ, ಈ ಸಲ 52 ಪತ್ರಿಕೆಗಳು ಒಂದನೇ ಸಂಚಿಕೆಯಿಂದ ಶುರು. 904ನೇ ಸಂಚಿಕೆ ತನಕ ಬಂದಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಕೂಡ ಮತ್ತೆ ಒಂದಕ್ಕೆ ಬಂತು.

ಈಗ ಸಿನಿಮಾಗೆ ಬರೋಣ. ಜಾಸ್ತಿ ತಪ್ಪಾಗುವುದು ಇಲ್ಲೇ. ನಟ ಬದಲಾದ ಅಂದ ಕೂಡಲೇ ರೀಬೂಟ್ ಅಂದುಬಿಡುತ್ತಾರೆ. ನಮ್ಮ ಧಾರಾವಾಹಿಗಳಲ್ಲಿ ನಡುವೆಯೇ ಸೊಸೆಯ ಪಾತ್ರಕ್ಕೆ ಬೇರೆಯವರು ಬರುತ್ತಾರೆ, ಮಾರನೇ ದಿನ ಅತ್ತೆ ಅದೇ ಜಗಳವನ್ನು ಮುಂದುವರಿಸುತ್ತಾಳೆ. ಅದನ್ನು ಯಾರಾದರೂ ಹೊಸ ಧಾರಾವಾಹಿ ಅಂತಾರಾ? ಬ್ಯಾಟ್‌ಮ್ಯಾನ್ 1989ರಿಂದ 1997ರ ತನಕ ನಾಲ್ಕು ಸಿನಿಮಾ, ಮೂವರು ನಾಯಕರು. ಆದರೆ ಮನೆ ನೋಡಿಕೊಳ್ಳುವ ಆಲ್‌ಫ್ರೆಡ್ ನಾಲ್ಕರಲ್ಲೂ ಒಬ್ಬರೇ, ಮೈಕಲ್ ಗಾಫ್. ಅದು ಒಂದೇ ಸಾಲು, ರೀಬೂಟ್ ಅಲ್ಲ. ನಿಜವಾದ ರೀಬೂಟ್ 2005ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’. ನೋಡಿ, 1989ರ ಸಿನಿಮಾದಲ್ಲಿ ಬ್ರೂಸ್ ವೇಯ್ನ್‌ನ (ಅವನೇ ಬ್ಯಾಟ್‌ಮ್ಯಾನ್) ಅಪ್ಪ ಅಮ್ಮನನ್ನು ಕೊಂದವನೇ ಮುಂದೆ ಖಳನಾಯಕ ಜೋಕರ್ ಆಗುತ್ತಾನೆ, ಕೊನೆಗೆ ಸಾಯುತ್ತಾನೆ. 2005ರಲ್ಲಿ ಕೊಂದವನು ಜೋ ಚಿಲ್ ಅನ್ನುವ ಬೀದಿಗಳ್ಳ. ಅದರ ಮುಂದಿನ ಭಾಗದಲ್ಲಿ, 2008ರಲ್ಲಿ, ಬರುವ ಜೋಕರ್‌ಗೂ ಆ ಕೊಲೆಗೂ ಸಂಬಂಧವೇ ಇಲ್ಲ. ಹಳೆಯ ಲೆಕ್ಕ ಮುಗಿದಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

2006ರ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಇದರ ಉಲ್ಟಾ. ನಡುವೆ ಹತ್ತೊಂಬತ್ತು ವರ್ಷ ಸೂಪರ್‌ಮ್ಯಾನ್ ಸಿನಿಮಾ ಬಂದಿರಲಿಲ್ಲ, ನಟರೆಲ್ಲ ಹೊಸಬರು, ಹಾಗಾಗಿ ರೀಬೂಟ್ ಅಂತಲೇ ಬರೆಯುತ್ತಾರೆ. ಆದರೆ ಅದು ಕಥೆ ಎತ್ತಿಕೊಳ್ಳುವುದು 1978 ಮತ್ತು 1980ರ ಸೂಪರ್‌ಮ್ಯಾನ್ ಸಿನಿಮಾಗಳಿಂದ ಮುಂದಕ್ಕೆ, ಅಂದರೆ ಅದು ಸೀಕ್ವೆಲ್, ಮುಂದಿನ ಭಾಗ. 2025ರದ್ದು ರೀಬೂಟ್. ಹುಟ್ಟಿನ ಕಥೆ ಹೇಳದೆ ನೇರವಾಗಿ ನಡುವಿನಿಂದ ಶುರುವಾಗುತ್ತದೆ, ಆದರೂ ರೀಬೂಟ್. ಹುಟ್ಟಿದ್ದನ್ನು ತೋರಿಸಲೇಬೇಕು ಅಂತ ನಿಯಮವೇನೂ ಇಲ್ಲ. 2013ರ ಸೂಪರ್‌ಮ್ಯಾನ್ ಸಿನಿಮಾದಲ್ಲಿ ನಡೆದದ್ದು ಲೆಕ್ಕಕ್ಕಿಲ್ಲ, ಅಷ್ಟು ಸಾಕು.

‘ಸರಿ, ಆದರೆ 2002ರಲ್ಲೂ ಸ್ಪೈಡರ್‌ಮ್ಯಾನ್‌ನ ಚಿಕ್ಕಪ್ಪ ಬೆನ್ ಸತ್ತ, 2012ರಲ್ಲೂ ಸತ್ತ, ಕಥೆ ಒಂದೇ ಆಯ್ತಲ್ಲ, ರೀಮೇಕ್ ಅಲ್ವಾ?’ ಅಂತ ಒಬ್ಬ ಗೆಳೆಯ ಕೇಳಿದ. ಅಲ್ಲ. ಚಿಕ್ಕಪ್ಪ ಸತ್ತದ್ದು 1962ರ ಕಾಮಿಕ್ಸ್‌ನಲ್ಲಿ. ಎರಡು ಸಿನಿಮಾಗಳೂ ನೀರು ಸೇದಿದ್ದು ಆ ಬಾವಿಯಿಂದ. 1983ರಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು ಆದರು, ಪುನೀತ್ ಪ್ರಹ್ಲಾದ ಆದರು. ಅದಕ್ಕೆ ಮೊದಲೂ ಪ್ರಹ್ಲಾದನ ಸಿನಿಮಾಗಳು ಬಂದಿದ್ದವು. ಕಂಬ ಒಡೆದು ನರಸಿಂಹ ಬಂದರೆ ಹಿಂದಿನ ಸಿನಿಮಾ ನೋಡಿ ಕಾಪಿ ಹೊಡೆದರು ಅಂತ ಯಾರೂ ಅನ್ನಲಿಲ್ಲ, ಕಥೆ ಭಾಗವತದ್ದು ಅಂತ ಅಜ್ಜಿಗೂ ಗೊತ್ತಿತ್ತು. ಕಾಮಿಕ್ಸ್ ಓದದವರಿಗೆ ಮೂಲ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಮೊದಲು ನೋಡಿದ ಸಿನಿಮಾವೇ ಮೂಲ ಅನಿಸಿಬಿಡುತ್ತದೆ.

ಹೆಸರು ಒಂದೇ ಅಂತ ಸುಮ್ನೆ ಹೇಳಿಬಿಡುವುದೂ ಉಂಟು. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ 1972ರಲ್ಲಿ ‘ನಾಗರಹಾವು’ ಮಾಡಿದರು. 2016ರಲ್ಲಿ ಅದೇ ಹೆಸರಿನ ಇನ್ನೊಂದು ಸಿನಿಮಾ ಬಂತು, ಅದರಲ್ಲಿ ರಾಮಾಚಾರಿಯೂ ಇಲ್ಲ, ಚಾಮಯ್ಯ ಮೇಷ್ಟ್ರೂ ಇಲ್ಲ. ಅದು ರೀಮೇಕೂ ಅಲ್ಲ, ರೀಬೂಟೂ ಅಲ್ಲ. ಬೇರೆಯೇ ಸಿನಿಮಾ.

ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. 2002ರ ಸ್ಪೈಡರ್‌ಮ್ಯಾನ್, 2012ರವನು, ಆಮೇಲೆ ಬಂದ ಮೂರನೆಯವನು, ಮೂವರೂ 2021ರಲ್ಲಿ ಒಂದೇ ಸಿನಿಮಾದಲ್ಲಿ ಬಂದರು. ಹಾಗಾದರೆ ಹಳೆಯ ಲೆಕ್ಕ ಅಳಿಸಿರಲಿಲ್ಲವಾ? ಆ ಸಿನಿಮಾನೇ ಉತ್ತರ ಕೊಡುತ್ತದೆ: ಮೂವರೂ ಬೇರೆ ಬೇರೆ ಲೋಕದವರು, ಒಬ್ಬನ ಬದುಕಿನಲ್ಲಿ ನಡೆದದ್ದು ಇನ್ನೊಬ್ಬನಿಗೆ ಗೊತ್ತೇ ಇಲ್ಲ, ಕೂತು ಹೇಳಿಕೊಳ್ಳಬೇಕಾಗುತ್ತದೆ. 2012ರದ್ದು ಆಗಲೂ ರೀಬೂಟ್, ಈಗಲೂ ರೀಬೂಟ್.